ಪದ ಪರಿಚಯ: ಓಪನ್ ಕೋರ್ಸ್‌ವೇರ್

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ಪಕ್ಕದಲ್ಲಿ ಕೂತಿದ್ದ ಇಂಜಿನಿಯರಿಂಗ್ ಹುಡುಗಿ ಕ್ಯಾತ್ಸಂದ್ರ ದಾಟುತ್ತಿದ್ದಂತೆ ಮೊಬೈಲ್ ತೆಗೆದಳು. ಪರದೆಯಲ್ಲಿ ಬೋರ್ಡು, ಅದರ ಮೇಲೆ ತೊಲೆಯ ಚಿತ್ರ ಬರೆಯುತ್ತಿರುವ ಮೇಷ್ಟ್ರು. ಅರ್ಥವಾಗದಿದ್ದರೆ ಹತ್ತು ಸೆಕೆಂಡು ಹಿಂದಕ್ಕೆ. ಮತ್ತೆ ಹಿಂದಕ್ಕೆ. ಹಿರೇಹಳ್ಳಿ ಬರುವಷ್ಟರಲ್ಲಿ ಒಂದೇ ಮಾತನ್ನು ನಾಲ್ಕು ಸಲ ಕೇಳಿದ್ದಳು. ‘ಕ್ಲಾಸಲ್ಲಿ ನಾಲ್ಕು ಸಲ ಕೇಳೋಕಾಗಲ್ಲ ಅಲ್ವಾ ಅಂಕಲ್’ ಅಂದಳು. ಅದು ಐಐಟಿಯ ಪಾಠ. ಅವಳು ಓದುತ್ತಿರುವುದು ಐಐಟಿಯಲ್ಲಲ್ಲ.

ಹೀಗೆ ವಿಶ್ವವಿದ್ಯಾಲಯಗಳು ತಮ್ಮ ತರಗತಿಯ ಪಾಠವನ್ನು ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಡುವುದಕ್ಕೆ ಓಪನ್ ಕೋರ್ಸ್‌ವೇರ್ ಎನ್ನುತ್ತಾರೆ. ಕೋರ್ಸ್‌ವೇರ್ ಅಂದರೆ ಬಿಡಿ ವಿಡಿಯೋ ಅಲ್ಲ. ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಸಾಲಾಗಿ ಜೋಡಿಸಿದ ಇಡೀ ಸಬ್ಜೆಕ್ಟು. ಎಷ್ಟೋ ಸಲ ಜೊತೆಗೆ ನೋಟ್ಸು, ಲೆಕ್ಕಗಳು, ಹಳೆಯ ಪ್ರಶ್ನೆಪತ್ರಿಕೆಗಳೂ ಇರುತ್ತವೆ.

‘ಓಪನ್’ ಎಂಬ ಮಾತನ್ನು ನಾವು ಸುಮ್ನೆ ‘ಪುಕ್ಕಟೆ’ ಎಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ. ಸೀಟು ಬೇಡ, ಫೀಸು ಬೇಡ, ಮಾರ್ಕ್ಸ್ ಕಾರ್ಡ್ ಯಾರೂ ಕೇಳುವುದಿಲ್ಲ, ಇದು ಒಂದು ಭಾಗ. ಇನ್ನೊಂದು ಭಾಗ ಲೈಸೆನ್ಸು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಾಠಗಳನ್ನೇ ತೆಗೆದುಕೊಳ್ಳಿ. ಮೂಲ ಯಾರದು ಎಂದು ಹೇಳಿ ಅದನ್ನು ಹಂಚಬಹುದು, ತಿದ್ದಿ ಬೆಳೆಸಬಹುದು, ಬೇರೆ ಭಾಷೆಗೆ ತರಬಹುದು. ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು, ದುಡ್ಡು ಮಾಡಿಕೊಳ್ಳುವಂತಿಲ್ಲ. ಯೂಟ್ಯೂಬಿನಲ್ಲಿ ಕಾಸಿಲ್ಲದೆ ಸಿಗುವುದೆಲ್ಲ ಈ ಅರ್ಥದಲ್ಲಿ ಓಪನ್ ಅಲ್ಲ.

ಈ ಹೆಸರನ್ನು ಬಳಕೆಗೆ ತಂದದ್ದೂ ಎಂಐಟಿಯೇ, 2001ರಲ್ಲಿ. ನಮ್ಮಲ್ಲಿ 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಶುರು ಮಾಡಿದವು. ಆದರೆ ಆಸೆ ಇನ್ನೂ ಹಳೆಯದು. 1984ರಲ್ಲೇ ಯುಜಿಸಿ ದೂರದರ್ಶನದಲ್ಲಿ ಕಾಲೇಜು ಮಕ್ಕಳಿಗಾಗಿ ಕಾರ್ಯಕ್ರಮ ಆರಂಭಿಸಿತ್ತು. 2004ರಲ್ಲಿ ಇಸ್ರೋ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಟಿವಿಯಲ್ಲಿ ಹೊತ್ತು ತಪ್ಪಿದರೆ ಪಾಠ ತಪ್ಪಿತು. ಹತ್ತು ಸೆಕೆಂಡು ಹಿಂದಕ್ಕೆ ಹೋಗುವ ಆ ಗುಂಡಿ ಆಗ ಇರಲಿಲ್ಲ.

ಇದನ್ನು ಮೂಕ್ (MOOC) ಜೊತೆ, ಅಂದರೆ ಹೆಸರು ನೋಂದಾಯಿಸಿ ಸಾವಿರಾರು ಜನ ಒಟ್ಟಿಗೆ ಕಲಿಯುವ ಆನ್‌ಲೈನ್ ಕೋರ್ಸಿನ ಜೊತೆ ಬೆರೆಸಬೇಡಿ. 2017ರಲ್ಲಿ ಬಂದ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ಆ ಜಾತಿಯದು: ಶುರುವಾಗುವ ದಿನ, ಅಸೈನ್‌ಮೆಂಟು, ಬೇಕಾದವರಿಗೆ ಶುಲ್ಕ ಕಟ್ಟಿ ಪರೀಕ್ಷೆ, ಸರ್ಟಿಫಿಕೇಟು. ಓಪನ್ ಕೋರ್ಸ್‌ವೇರಿನಲ್ಲಿ ಪರೀಕ್ಷೆಯೂ ಇಲ್ಲ, ಡೌಟು ಕೇಳಲು ಮೇಷ್ಟ್ರೂ ಇಲ್ಲ. ಸಂಶೋಧಕರ ಸಾರ್ವಜನಿಕ ಉಪನ್ಯಾಸಗಳು ಇದರ ನೆಂಟರು. ಬೆಂಗಳೂರಿನ ವಿಜ್ಞಾನ ಸಂಶೋಧನಾ ಕೇಂದ್ರ ಐಸಿಟಿಎಸ್ ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಮಾತುಗಳು ಯೂಟ್ಯೂಬಿನಲ್ಲಿವೆ, ಬಿಡುವಿದ್ದಾಗ ನೋಡಿ.

ನನಗೆ ಕಾಡುವುದು ಭಾಷೆ. ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ಎತ್ತರ. ಈ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳಿಗೆ ಲೆಕ್ಕಕ್ಕಿಂತ ಜಾಸ್ತಿ ಕಷ್ಟ ಕೊಡುವುದು ಆ ವೇಗದ ಇಂಗ್ಲಿಷು. ಎನ್‌ಪಿಟೆಲ್ ಕೆಲವು ಪಾಠಗಳನ್ನು ಕನ್ನಡಕ್ಕೂ ತಂದಿದೆ, ಇನ್ನೂ ಬಹಳ ಬರಬೇಕು. ಲೈಸೆನ್ಸು ಬಿಟ್ಟಿರುವ ಕಡೆಯಲ್ಲೆಲ್ಲ ಆ ಕೆಲಸವನ್ನು ತುಮಕೂರಿನ ಯಾವುದೇ ಕಾಲೇಜಿನ ಮೇಷ್ಟ್ರು ನಾಳೆಯೇ ಶುರು ಮಾಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.

ಆ ಹುಡುಗಿ ತನ್ನ ಮಟ್ಟಿಗೆ ಶುರು ಮಾಡಿಯೇಬಿಟ್ಟಿದ್ದಳು. ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ‘ಶಿಯರ್ ಫೋರ್ಸ್’ ಎಂದು ಬರೆದು, ಪಕ್ಕದ ಮಾರ್ಜಿನ್‌ನಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘ಕತ್ತರಿ ಥರ ಕೊಯ್ಯೋ ಬಲ’ ಎಂದು ಗೀಚಿಕೊಂಡಿದ್ದಳು.