ಮಗಳ ಓದು ಹಿಂದೆ ಬಿದ್ದಿದೆ, ಫೆಂಗ್ ಶುಯಿ ಪ್ರಕಾರ ಮನೆಯಲ್ಲಿ ಏನು ಬದಲಿಸಬಹುದು?

ಪ್ರಶ್ನೆ: ಮಗಳು ಹತ್ತನೇ ತರಗತಿ. ಗಂಟೆಗಟ್ಟಲೆ ಪುಸ್ತಕ ಹಿಡಿದು ಕೂತರೂ ತಲೆಗೆ ಹತ್ತುತ್ತಿಲ್ಲ ಅನ್ನುತ್ತಾಳೆ, ಅಂಕ ಇಳಿಯುತ್ತಿದೆ. ನಮ್ಮದು ಪೂರ್ವಕ್ಕೆ ಮುಖ ಮಾಡಿದ ಬಾಡಿಗೆ ಮನೆ, ಏನನ್ನೂ ಒಡೆಯುವಂತಿಲ್ಲ. ಅವಳ ಕೋಣೆಯಲ್ಲಿ ಏನು ಮಾಡಬಹುದು?

ಉತ್ತರ: ಮೊದಲು ಮೇಜು ಸರಿಸಿ. ಅಂಗಡಿಯಿಂದ ಏನನ್ನಾದರೂ ತರುವ ಯೋಚನೆ ಆಮೇಲೆ. ಓದುವವರ ವಿಷಯದಲ್ಲಿ ಚೀನಾದ ಮನೆ-ಜೋಡಣೆಯ ಪದ್ಧತಿಯಾದ ಫೆಂಗ್ ಶುಯಿ ಮೊದಲು ನೋಡುವುದು ಕೂರುವ ಜಾಗವನ್ನು: ಬೆನ್ನಿಗೆ ಗಟ್ಟಿ ಗೋಡೆ ಇರಬೇಕು, ತಲೆ ಎತ್ತಿದರೆ ಬಾಗಿಲು ಕಾಣಬೇಕು, ಆದರೆ ಬಾಗಿಲಿನ ನೇರಕ್ಕೆ ಕೂತಿರಬಾರದು.

ನಮ್ಮ ಮನೆಗಳಲ್ಲಿ ಮೇಜನ್ನು ಗೋಡೆಗೆ ಅಂಟಿಸಿ ಇಡುವುದೇ ರೂಢಿ. ಮಗು ಗೋಡೆ ನೋಡುತ್ತಾ ಕೂರುತ್ತದೆ, ಬಾಗಿಲು ಬೆನ್ನ ಹಿಂದೆ. ಯಾರು ಬಂದರು, ಯಾರು ನೋಡುತ್ತಿದ್ದಾರೆ ಎಂದು ಅರ್ಧ ಗಮನ ಹಿಂದಕ್ಕೇ ಹೋಗುತ್ತದೆ. ಮೇಜನ್ನು ತಿರುಗಿಸಿ, ಅದರ ಗಿಡ್ಡ ಬದಿಯನ್ನು ಮಾತ್ರ ಪಕ್ಕದ ಗೋಡೆಗೆ ತಾಗಿಸಿ, ಕುರ್ಚಿಯನ್ನು ಹಿಂದಿನ ಗೋಡೆಯ ಕಡೆಗೆ ಹಾಕಿ. 60 ಸೆಂ.ಮೀ. ಅಗಲದ ಮೇಜು, ಅದರ ಹಿಂದೆ ಕುರ್ಚಿಗೆ 75 ಸೆಂ.ಮೀ.; ಒಟ್ಟು 135 ಸೆಂ.ಮೀ. ಸಾಕು. ಹತ್ತಡಿಗೆ ಹತ್ತಡಿ ಕೋಣೆಯಲ್ಲೂ ಇದಾಗುತ್ತದೆ. ಜಾಗವೇ ಇಲ್ಲದಿದ್ದರೆ, ಬಾಗಿಲು ಕಾಣುವಂತೆ ಅಂಗೈ ಅಗಲದ ಕನ್ನಡಿಯೊಂದನ್ನು ಓರೆಯಾಗಿ ಇಡಿ. ಅದರಲ್ಲಿ ಅವಳ ಮುಖ ಕಾಣದಿರಲಿ.

ಕುರ್ಚಿ ಇಟ್ಟ ಮೇಲೆ ತಲೆ ಎತ್ತಿ ನೋಡಿ. ತೊಲೆ ಅಥವಾ ಸಾಮಾನು ತುಂಬಿದ ಅಟ್ಟ ನೆತ್ತಿಯ ಮೇಲೆ ಬರುತ್ತಿದ್ದರೆ ಒಂದೂವರೆ ಅಡಿ ಸರಿಸಿ. ಬೆನ್ನಿಗೆ ಕಿಟಕಿ ಬರುವುದನ್ನು ಫೆಂಗ್ ಶುಯಿ ಆಸರೆ ಇಲ್ಲದ ಆಸನ ಎನ್ನುತ್ತದೆ; ಅಲ್ಲಿ ಅವಳ ನೆರಳೇ ಪುಸ್ತಕದ ಮೇಲೆ ಬೀಳುತ್ತದೆ ಕೂಡ. ಬಲಗೈಯಲ್ಲಿ ಬರೆಯುವವಳಾದರೆ ದೀಪ ಎಡಕ್ಕಿರಲಿ.

ಇನ್ನು ದಿಕ್ಕು. ವಿದ್ಯೆಗೆ ಸಂಬಂಧಿಸಿದ ಜಾಗವನ್ನು ಚೀನಾದಲ್ಲಿ ವೆನ್‌ಚಾಂಗ್ ಸ್ಥಾನ ಎನ್ನುತ್ತಾರೆ. ವೆನ್‌ಚಾಂಗ್ ಅಲ್ಲಿನ ಅಕ್ಷರದ ದೇವತೆ, ಸಪ್ತರ್ಷಿ ಮಂಡಲದ ಬಳಿಯ ಆರು ನಕ್ಷತ್ರಗಳ ಗುಂಪಿನ ಹೆಸರೂ ಹೌದು. ಅರಸರ ಕಾಲದಲ್ಲಿ ಅಧಿಕಾರಿಗಳನ್ನು ಆರಿಸಲು ನಡೆಯುತ್ತಿದ್ದ, 1905ರಲ್ಲಿ ರದ್ದಾದ ಪರೀಕ್ಷೆಗಳಿಗೆ ಕೂರುವವರು ಅವನಿಗೆ ಹರಕೆ ಹೊರುತ್ತಿದ್ದರು. ಮನೆಯ ಮುಖ ಯಾವ ಕಡೆಗಿದೆ ಎಂಬುದರ ಮೇಲೆ ಈ ಸ್ಥಾನ ಬದಲಾಗುತ್ತದೆ: ಪೂರ್ವಕ್ಕೆ ಮುಖವಿದ್ದರೆ ನೈಋತ್ಯ, ಉತ್ತರಕ್ಕಿದ್ದರೆ ದಕ್ಷಿಣ, ದಕ್ಷಿಣಕ್ಕಿದ್ದರೆ ಈಶಾನ್ಯ, ಪಶ್ಚಿಮಕ್ಕಿದ್ದರೆ ವಾಯವ್ಯ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಗೇಟು, ಗ್ರಿಲ್‌ ಹತ್ತಿರ ಹಿಡಿದರೆ ತಪ್ಪು ತೋರಿಸುತ್ತದೆ. ದೂರ ನಿಂತು ಮೂರು ಕಡೆ ಅಳೆದು ನೋಡಿ.

ನಿಮ್ಮದು ಪೂರ್ವದ ಮನೆ, ಹಾಗಾಗಿ ನೈಋತ್ಯ. ವಾಸ್ತುವಿನಲ್ಲಿ ಅದು ಹಿರಿಯರ ಮಲಗುವ ಕೋಣೆಯ ಜಾಗ. ಜಗಳ ಬೇಡ, ಇಡೀ ಮನೆಯ ಬದಲು ಅವಳ ಕೋಣೆಯೊಳಗಿನ ನೈಋತ್ಯ ಮೂಲೆಯನ್ನು ಹಿಡಿಯಬಹುದು, ಫೆಂಗ್ ಶುಯಿ ಇದನ್ನು ಒಪ್ಪುತ್ತದೆ. ಪಶ್ಚಿಮದ ಗೋಡೆಗೆ ಬೆನ್ನು ಕೊಟ್ಟು ಅಲ್ಲಿ ಕೂತರೆ ಮುಖ ಪೂರ್ವಕ್ಕೆ ಬರುತ್ತದೆ, ವಾಸ್ತು ಹೇಳುವುದೂ ಅದನ್ನೇ. ಒಂದು ವೇಳೆ ಹಾಗೆ ಕೂತಾಗ ಬಾಗಿಲು ಬೆನ್ನಿಗೆ ಬರುವುದಾದರೆ ದಿಕ್ಕನ್ನು ಬಿಡಿ, ಬೆನ್ನಿನ ಗೋಡೆಯನ್ನು ಬಿಡಬೇಡಿ.

ಫೆಂಗ್ ಶುಯಿ ಎಣಿಸುವ ಒಂಬತ್ತು ನಕ್ಷತ್ರಗಳಲ್ಲಿ ವೆನ್‌ಚಾಂಗ್‌ಗೆ ಸೇರಿದ್ದು ನಾಲ್ಕನೆಯದು, ಅದರ ತತ್ವ ಮರ. ಅದಕ್ಕೇ ಓದುವ ಮೇಜಿನ ಮೇಲೆ ಲಕ್ಕಿ ಬ್ಯಾಂಬೂವಿನ ನಾಲ್ಕು ಕಡ್ಡಿ ಇಡುತ್ತಾರೆ. ಬೇರು ಮುಳುಗುವಷ್ಟು ನೀರು ಸಾಕು, ವಾರಕ್ಕೊಮ್ಮೆ ಬದಲಿಸಿ, ನೇರ ಬಿಸಿಲು ಬೇಡ. ಇದು ನಿಜವಾದ ಬಿದಿರಲ್ಲ, ಡ್ರಸೀನಾ ಜಾತಿಯ ಗಿಡ, ಫ್ಲೋರೈಡ್ ತಡೆಯುವುದಿಲ್ಲ. ಕೋಲಾರ, ಪಾವಗಡದ ಕಡೆಯ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಹಾಕಿದರೆ ಎಲೆಯ ತುದಿ ಕಂದಾಗುತ್ತದೆ. ಅದನ್ನು ಕೆಟ್ಟ ಶಕುನ ಎಂದು ಮಗುವಿನ ತಲೆಗೆ ತುಂಬಬೇಡಿ. ಮಳೆನೀರು ಅಥವಾ ಆರ್‌ಓ ನೀರು ಹಾಕಿ. ವಿದ್ಯೆಗೆಂದು ಅಂಗಡಿಯಲ್ಲಿ ಮಾರುವ ಒಂಬತ್ತು ಅಂತಸ್ತಿನ ಪುಟ್ಟ ಗೋಪುರ, ಸ್ಫಟಿಕದ ಗೋಳ ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ, ಸಾವಿರಾರು ರೂಪಾಯಿ ಸುರಿಯಬೇಡಿ.

ಇದನ್ನೆಲ್ಲ ಅವಳು ಶಾಲೆಗೆ ಹೋದಾಗ ಮಾಡಿ ಮುಗಿಸಬೇಡಿ. ಭಾನುವಾರ ಅವಳ ಜೊತೆಗೇ ಸರಿಸಿ, ಬೇಡ ಎಂದ ಜಾಗವನ್ನು ಬಿಡಿ, ಆಮೇಲೆ ಒಂದು ತಿಂಗಳು ಮುಟ್ಟಬೇಡಿ. ವಾರಕ್ಕೊಮ್ಮೆ ಮೇಜು ತಿರುಗಿಸುವ ಮನೆಯಲ್ಲಿ ಮಗುವಿಗೆ ದೋಷ ತನ್ನಲ್ಲೇ ಇದೆ ಅನಿಸುತ್ತದೆ. ಪರೀಕ್ಷೆಯ ವಾರದಲ್ಲಂತೂ ಏನನ್ನೂ ಕದಲಿಸಬಾರದು.

ಫೆಂಗ್ ಶುಯಿಯಿಂದ ಅಂಕ ಏರುತ್ತದೆ ಎನ್ನಲು ವಿಜ್ಞಾನದ ಆಧಾರವಿಲ್ಲ. ನೆಮ್ಮದಿಯಾಗಿ ಕೂರಲು ಒಂದು ಜಾಗ ಸಿಗುತ್ತದೆ, ಅಷ್ಟು. ಗಂಟೆಗಟ್ಟಲೆ ಕೂತರೂ ಹತ್ತುತ್ತಿಲ್ಲ ಎಂದು ಅವಳೇ ಹೇಳುತ್ತಿರುವಾಗ ಮೇಜು ಸರಿಸುವ ವಾರದಲ್ಲೇ ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಕ್ಕಳು ಎಷ್ಟೋ ಸಲ ಹೇಳುವುದೇ ಇಲ್ಲ. ಅಕ್ಷರ ಅದಲುಬದಲಾಗುವುದು, ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು ಕಂಡರೆ ಕಲಿಕೆಯ ತೊಂದರೆಯ ಪರೀಕ್ಷೆ ಮಾಡಿಸಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ನಡೆಯುತ್ತದೆ. ನಿದ್ದೆ, ಊಟ ಬಿಟ್ಟು ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.