ಇಲಿಯ ಅನುಮಾನ, ಮಗುವಿನ ‘ಬೇಡ’

ಎರಡೂವರೆ ವರ್ಷದ ಮಗುವಿನ ಮುಂದೆ ಬೇಯಿಸಿದ ಬೀನ್ಸ್ ಇಟ್ಟು ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಿ. ಮೊದಲು ಬೆರಳ ತುದಿಯಿಂದ ಒಂದು ಚೂರನ್ನು ಉರುಳಿಸುತ್ತದೆ. ಅದರ ಮೇಲೊಂದು ಕಂದು ಚುಕ್ಕೆ ಕಂಡಿತೋ, ಮುಗಿಯಿತು. ಆ ಚೂರು ತಟ್ಟೆಯ ಅಂಚಿಗೆ, ಅಲ್ಲಿಂದ ನೆಲಕ್ಕೆ. “ಒಂದೇ ಒಂದು ತುತ್ತು, ಕಂದಾ” ಅಂದರೆ ತುಟಿ ಇನ್ನಷ್ಟು ಬಿಗಿಯುತ್ತದೆ. “ನಂಗಿದು ಇಷ್ಟ ಇಲ್ಲ.” ತಿಂದೇ ಇಲ್ಲ, ಇಷ್ಟ ಇಲ್ಲ ಅಂತ ಹೇಗೋ ಗೊತ್ತಾಯ್ತು ನಿಂಗೆ? ದೊಡ್ಡವರು ಬೇಸತ್ತು ಕೇಳುವ ಈ ಪ್ರಶ್ನೆಯಲ್ಲೇ ಇಡೀ ವಿಷಯದ ಬೀಗದ ಕೈ ಇದೆ. ಮಗು ರುಚಿಯನ್ನು ಬೇಡವೆಂದಿಲ್ಲ. ರುಚಿ ನಾಲಿಗೆಯವರೆಗೆ ಹೋಗಲೇ ಇಲ್ಲ, ಕಣ್ಣೇ ಅದನ್ನು ತಡೆದು ವಾಪಸ್ ಕಳಿಸಿತು.

ಇದನ್ನು ಹಠ ಅನ್ನುತ್ತಾರೆ, ಮುದ್ದು ಜಾಸ್ತಿಯಾಯಿತು ಅನ್ನುತ್ತಾರೆ, ಕೊನೆಗೆ ಅಡಿಗೆ ಮಾಡಿದವರ ಕೈಗುಣಕ್ಕೇ ತಂದು ಕಟ್ಟುತ್ತಾರೆ. ಕೇಳಿದಾಗೆಲ್ಲ ನನಗೆ ರೇಗುತ್ತದೆ. ಇದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ನಿಯೋಫೋಬಿಯಾ, ಅಂದರೆ ಹೊಸತರ ಅಂಜಿಕೆ. ಅದನ್ನು ಅರ್ಥ ಮಾಡಿಕೊಳ್ಳಲು ಮಗುವನ್ನು ಸ್ವಲ್ಪ ಹೊತ್ತು ಬಿಟ್ಟು ಇಲಿಯ ಹಿಂದೆ ಹೋಗಬೇಕು.

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ್ದು ನುಂಗಿದ್ದೇ. ಹಾಗಾಗಿ ಹೊಸ ತಿನಿಸು ಕಂಡರೆ ಅದು ಚಿಟಿಕೆಯಷ್ಟು ಕಚ್ಚಿ, ಉಳಿದದ್ದನ್ನು ಬಿಟ್ಟು ಹೋಗಿ ಕಾಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಇಲಿಪಾಷಾಣ ಹುಡುಕುತ್ತಿದ್ದ ವಿಜ್ಞಾನಿ ಕರ್ಟ್ ರಿಕ್ಟರ್‌ಗೆ ದೊಡ್ಡ ತಲೆನೋವಾಗಿದ್ದು ಇದೇ. ಸ್ವಲ್ಪ ತಿಂದು ಬದುಕುಳಿದ ಇಲಿ ಮತ್ತೆ ಆ ತಿನಿಸಿನ ಹತ್ತಿರ ಸುಳಿಯುತ್ತಿರಲಿಲ್ಲ. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಇಲಿಗಳು ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಯುವಾಗ ಅವುಗಳ ಮೈ ಕೆಡುವಂತೆ ವಿಕಿರಣ ಹಾಯಿಸಿದರು. ಸಿಹಿನೀರಿನ ತಪ್ಪೇನೂ ಇರಲಿಲ್ಲ, ಆದರೂ ಇಲಿಗಳು ಆಮೇಲೆ ಅದನ್ನು ದೂರವಿಟ್ಟವು. ಹೊಟ್ಟೆ ಕೆಟ್ಟರೆ ತಪ್ಪು ನಾಲಿಗೆಗೆ ಕೊನೆಗೆ ಸಿಕ್ಕಿದ ರುಚಿಯದ್ದೇ, ವಿಚಾರಣೆಯೇ ಇಲ್ಲ.

ನನಗೆ ತುಂಬ ಇಷ್ಟವಾದ ಸಂಗತಿ ಇದರ ಇನ್ನೊಂದು ಮಗ್ಗುಲು. ಹೊಸದೇನೋ ತಿಂದು ಏನೂ ಆಗದಿದ್ದರೆ? ಆ ‘ಏನೂ ಆಗಲಿಲ್ಲ’ ಎನ್ನುವುದನ್ನೂ ದೇಹ ಬರೆದಿಟ್ಟುಕೊಳ್ಳುತ್ತದೆ. ಕೈಗಡ ಕೊಡುವವನ ಹಾಗೆ. ಗೊತ್ತಿಲ್ಲದವನು ಬಂದು ಸಾವಿರ ಕೇಳಿದರೆ ಕೊಡುವುದಿಲ್ಲ. ಹತ್ತು ಕೇಳಿ ಹೇಳಿದ ದಿನ ತಂದುಕೊಟ್ಟರೆ, ಮುಂದಿನ ಸಲ ಐವತ್ತು. ಬೀದಿನಾಯಿಯೂ ಹಾಗೆಯೇ. ಮೊದಲ ದಿನ ಹತ್ತು ಹೆಜ್ಜೆ ದೂರ ನಿಲ್ಲುತ್ತದೆ, ವಾರ ಕಳೆದರೆ ಅಂಗೈಯಿಂದಲೇ ತಿನ್ನುತ್ತದೆ. ನೀವು ಒಂದೇ ಒಂದು ಸಲ ಕಲ್ಲೆತ್ತಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಮಗುವಿನ ದೇಹ ಬೀನ್ಸ್‌ನ ಜೊತೆ ಇಟ್ಟುಕೊಂಡಿರುವುದು ಇಂಥದೇ ಖಾತೆ. ಒಂದೊಂದು ಚೂರೂ ಒಂದೊಂದು ಜಮೆ.

ಈ ಖಾತೆ ಏಕೆ ಬೇಕು? 1976ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಇದನ್ನು ಸರ್ವಭಕ್ಷಕರ ಇಕ್ಕಟ್ಟು ಎಂದು ಬಣ್ಣಿಸಿದರು. ಆಸ್ಟ್ರೇಲಿಯಾದ ಕೋಲಾ ಎಂಬ ಪ್ರಾಣಿಗೆ ನೀಲಗಿರಿ ಎಲೆ ಸಾಕು, ಆಯ್ಕೆಯ ಗೊಡವೆಯಿಲ್ಲ. ಇಲಿಗೂ ಮನುಷ್ಯನಿಗೂ ಹೊಸತನ್ನು ತಿನ್ನದೆ ವಿಧಿಯಿಲ್ಲ, ತಿಂದರೆ ವಿಷವಿರಬಹುದು. ಗಿಡಗಳ ವಿಷ ಹೆಚ್ಚಾಗಿ ಕಹಿ. ಅದಕ್ಕೇ ಸಿಹಿ ಗುರುತಿಸಲು ಒಂದೇ ಬಗೆಯ ಗ್ರಾಹಕ (ನಾಲಿಗೆಯಲ್ಲಿ ರುಚಿ ಹಿಡಿಯುವ ಅಣು) ಇದ್ದರೆ, ಕಹಿಗೆ ನಮ್ಮಲ್ಲಿ ಸುಮಾರು 25 ಬಗೆಯವು. ಕಾವಲುಗಾರರನ್ನು ಎಲ್ಲಿ ಹೆಚ್ಚು ನಿಲ್ಲಿಸಿದ್ದಾರೆ ನೋಡಿದರೆ ಕಳ್ಳ ಯಾವ ಕಡೆಯಿಂದ ಬರುತ್ತಾನೆ ಎಂದು ತಿಳಿಯುತ್ತದಲ್ಲ! ಸೊಪ್ಪು ತರಕಾರಿಗಳೇ ಮೊದಲು ನೆಲಕ್ಕೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಅಂಜಿಕೆಯ ವಯಸ್ಸೂ ಅಷ್ಟೇ ಸ್ವಾರಸ್ಯ. ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ವೈದ್ಯೆ 15 ಕೂಸುಗಳ ಮುಂದೆ ಬಗೆಬಗೆಯ ಸಾದಾ ಆಹಾರ ಇಡಿಸಿ, ಏನು ಬೇಕೋ ಅದನ್ನೇ ತಿನ್ನಲು ಬಿಟ್ಟರು. ಮೊಲೆಹಾಲು ಬಿಡಿಸುವ ವಯಸ್ಸಿನ ಆ ಕೂಸುಗಳು ಮೊದಮೊದಲು ಸಿಕ್ಕಿದ್ದೆಲ್ಲವನ್ನೂ ಬಾಯಿಗೆ ಹಾಕಿಕೊಂಡವು. ಖಾಲಿ ಚಮಚ, ತಟ್ಟೆ, ಟ್ರೇಯ ಅಂಚು, ಅದರ ಮೇಲಿದ್ದ ಕಾಗದವನ್ನೂ ಬಿಡಲಿಲ್ಲ. (1939ರ ಅವರ ವರದಿಯನ್ನು ‘ಮಕ್ಕಳಿಗೆ ಬೇಕಾದ್ದು ದೇಹಕ್ಕೇ ಗೊತ್ತು’ ಎನ್ನಲು ಎಳೆದು ತರುವವರಿದ್ದಾರೆ. ಆ ಪಟ್ಟಿಯಲ್ಲಿ ಸಕ್ಕರೆ ತಿನಿಸೇ ಇರಲಿಲ್ಲ, ಗುಟ್ಟು ಇರುವುದೇ ಪಟ್ಟಿಯಲ್ಲಿ ಎಂದು ಡೇವಿಸ್ ಅವರೇ ಹೇಳಿದ್ದನ್ನು ಮರೆಯುತ್ತಾರೆ.) ಕೂಸಿಗೆ ಭಯ ಏಕೆ ಬೇಕು? ತುತ್ತು ಕೊಡುವ ಕೈ ಮೊದಲೇ ಪರೀಕ್ಷೆ ಮಾಡಿದೆ. ಮಗು ಎದ್ದು ಓಡಾಡಿ, ಕಂಡ ಕಾಯಿ ಎಲೆಗೆ ತಾನೇ ಕೈ ಚಾಚುವ ಹೊತ್ತಿಗೆ ಒಳಗಿನ ಕಾವಲುಗಾರ ಕೆಲಸಕ್ಕೆ ಸೇರುತ್ತಾನೆ. ಎರಡರಿಂದ ಆರು ವರ್ಷದವರೆಗೆ ಅವನ ದರ್ಬಾರು.

ಎಲ್ಲ ಮಕ್ಕಳಲ್ಲೂ ಅವನು ಒಂದೇ ಹದದವನಲ್ಲ. 8ರಿಂದ 11 ವರ್ಷದ ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳ ಅಧ್ಯಯನವೊಂದು 2007ರಲ್ಲಿ ಬಂತು. ಮಕ್ಕಳ ನಡುವೆ ಈ ಅಂಜಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ 78% ಪಾಲು ವಂಶವಾಹಿಗಳದ್ದು ಎಂದಿತು. ‘ನಮ್ಮ ಮಗು ಎಲ್ಲಾ ತಿನ್ನುತ್ತೆ’ ಎಂದು ಬೀಗುವವರು ಇದನ್ನು ಓದಬೇಕು.

ಹಾಗೆಂದು ಕೈಚೆಲ್ಲಬೇಕಿಲ್ಲ. 1982ರಲ್ಲಿ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳ ರುಚಿ ತೋರಿಸಿದರು, ಕೆಲವನ್ನು 20 ಸಲದವರೆಗೂ. ಹೆಚ್ಚು ಸಲ ಸವಿದದ್ದೇ ಹೆಚ್ಚು ಹಿಡಿಸಿತು. ಬರೀ ನೋಡಿದರೆ ಸಾಲದು, ನಾಲಿಗೆಗೆ ತಾಗಬೇಕು ಎಂಬುದು ಮುಂದಿನ ಪ್ರಯೋಗದಲ್ಲಿ ಗೊತ್ತಾಯಿತು. ಜಮೆಯಾಗುವುದು ಹೊಟ್ಟೆಗೆ ಹೋದ ಮೇಲೆ ತಾನೇ? ಮನೆಗಳಲ್ಲಿ ನಾವು ಮೂರೋ ನಾಲ್ಕೋ ಸಲಕ್ಕೇ “ಇವನಿಗೆ ಇದು ಆಗಲ್ಲ” ಎಂದು ಷರಾ ಬರೆದುಬಿಡುತ್ತೇವೆ.

ಕಲ್ಲೆತ್ತುವ ಕೆಲಸವನ್ನೂ ನಾವೇ ಮಾಡುತ್ತೇವೆ. ಸೂಪ್ ಮುಗಿಸು, ಮುಗಿಸು ಎಂದು ಒತ್ತಾಯಿಸಿದಾಗ ಮಕ್ಕಳು ಕುಡಿದದ್ದೇ ಕಡಿಮೆ, ಗೊಣಗಿದ್ದೇ ಹೆಚ್ಚು ಎಂದು 2006ರ ಪ್ರಯೋಗವೊಂದು ತೋರಿಸಿತು. ಲಂಚವೂ ಎಷ್ಟೋ ಸಲ ಕೆಲಸಕ್ಕೆ ಬಾರದು. ‘ಇದನ್ನು ಕುಡಿದರೆ ಅದು ಕೊಡ್ತೀನಿ’ ಎಂದಾಗ, ಇನಾಮು ಕೊಟ್ಟು ಕುಡಿಸಬೇಕಾದರೆ ಇದರಲ್ಲಿ ಏನೋ ಐಬಿದೆ ಎಂದು ಮಗು ತರ್ಕಿಸಿದರೆ ಅದು ದಡ್ಡತನವಲ್ಲ. ಬದಲಿಗೆ ಎದುರು ಕೂತ ದೊಡ್ಡವರು ಅದನ್ನೇ ತಿನ್ನುತ್ತಿದ್ದರೆ ಮಾತು ಬೇರೆ. 2005ರ ಪ್ರಯೋಗದಲ್ಲಿ ಬಣ್ಣ ಹಾಕಿದ ರವೆಯನ್ನು ಕೊಟ್ಟಾಗ, ದೊಡ್ಡವರ ತಟ್ಟೆಯಲ್ಲೂ ಅದೇ ಬಣ್ಣದ್ದು ಇದ್ದರೆ ಮಕ್ಕಳು ಹೆಚ್ಚು ತಿಂದರು, ಬೇರೆ ಬಣ್ಣದ್ದಿದ್ದರೆ ಇಲ್ಲ. ಮಕ್ಕಳನ್ನು ಮರುಳು ಮಾಡುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. (ತೂಕ ಇಳಿಯುತ್ತಿದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ ದಿನೇ ದಿನೇ ಕುಗ್ಗುತ್ತಿದ್ದರೆ ಅದು ಈ ಲೇಖನದ ವಿಷಯವಲ್ಲ, ವೈದ್ಯರ ವಿಷಯ.)

ಮತ್ತೆ ಬೀನ್ಸ್‌ಗೆ ಬರೋಣ. ಎಷ್ಟನೆಯ ಸಲವೋ, ಯಾರೂ ಏನೂ ಹೇಳದಿದ್ದಾಗ ಮಗು ಒಂದು ಚೂರನ್ನು ಎತ್ತಿ ನಾಲಿಗೆಯ ತುದಿಗೆ ತಾಗಿಸುತ್ತದೆ. ಮುಖ ಹಿಂಡುತ್ತದೆ. ಚೂರನ್ನು ಮರಳಿ ತಟ್ಟೆಯಲ್ಲಿಡುತ್ತದೆ, ನೆಲಕ್ಕೆ ಎಸೆಯುವುದಿಲ್ಲ. ಅಡಿಗೆಮನೆಯಿಂದ ಯಾರೋ “ಇವತ್ತೂ ತಿನ್ನಲಿಲ್ವಾ?” ಎಂದು ಕೇಳುತ್ತಾರೆ.