ಸಾಯದೇ ಇರೋಕೆ ಆಗುತ್ತಾ? ಇನ್ಶೂರೆನ್ಸ್‌ನೋರನ್ನ ಕೇಳಿ

ಹೋದ ತಿಂಗಳು ಟರ್ಮ್ ಇನ್ಶೂರೆನ್ಸ್ ಮಾಡ್ಸೋಣ ಅಂತ ಏಜೆಂಟ್ ಒಬ್ರನ್ನ ಮನೆಗೆ ಕರೆದಿದ್ದೆ. ಕಾಫಿ ಕುಡೀತಾ ಮೊಬೈಲಲ್ಲಿ ಪ್ರೀಮಿಯಂ ಚಾರ್ಟ್ ತೆಗೆದು ತೋರಿಸಿದ್ರು, 30ಕ್ಕೆ ಇಷ್ಟು, 40ಕ್ಕೆ ಇಷ್ಟು, 50ಕ್ಕೆ ಹೋದ್ರೆ ಎದೆ ಧಸಕ್ ಅನ್ನೋ ಅಷ್ಟು. "ಮದುವೆ ಆದ ವರ್ಷವೇ ಮಾಡ್ಸಿದ್ರೆ ಅರ್ಧದಲ್ಲಿ ಮುಗೀತಿತ್ತು ಸಾರ್" ಅಂತ ಹೊಟ್ಟೆ ಬೇರೆ ಉರಿಸಿದ್ರು. ಅವರು ಹೋದ್ಮೇಲೂ ಆ ಚಾರ್ಟು ತಲೆಯಿಂದ ಹೋಗ್ಲಿಲ್ಲ. ಯಾಕಂದ್ರೆ ಮನುಷ್ಯ ಚಿರಂಜೀವಿ ಆಗ್ತಾನಾ ಅನ್ನೋ ಪ್ರಶ್ನೆಗೆ ಉತ್ತರ ಇರೋದು ಆ ಚಾರ್ಟಲ್ಲೇ.

ಅದರ ಹಿಂದಿರೋ ಲೆಕ್ಕ ಬರೆದವನು ಬೆಂಜಮಿನ್ ಗೊಂಪರ್ಟ್ಸ್ ಅಂತ, ಲಂಡನ್ನಿನವನು, ಇನ್ಶೂರೆನ್ಸ್ ಕಂಪ್ನಿಯಲ್ಲಿ ಸಾವಿನ ಲೆಕ್ಕ ಹಾಕೋ ಗಣಿತದ ಕೆಲಸ. 1825ರಲ್ಲಿ ಅವನು ಕಂಡುಕೊಂಡಿದ್ದು ಏನಪ್ಪಾ ಅಂದ್ರೆ ದೊಡ್ಡವರಾದ ಮೇಲೆ ಸಾಯೋ ಸಾಧ್ಯತೆ ಚಕ್ರಬಡ್ಡಿ ಥರ ಏರುತ್ತೆ. ಈಗಿನ ಅಂಕಿಅಂಶದಲ್ಲಿ ಹೇಳೋದಾದ್ರೆ ಸುಮಾರು 8 ವರ್ಷಕ್ಕೊಂದ್ಸಲ ಡಬಲ್. 30ರಿಂದ 86ಕ್ಕೆ ಬರೋ ಅಷ್ಟ್ರಲ್ಲಿ 7 ಸಲ ಡಬಲ್ ಆಗುತ್ತೆ, ಅಂದ್ರೆ 128 ಪಟ್ಟು. ಮುಪ್ಪು ಅಂದ್ರೆ ಬಿಳಿಕೂದಲು, ಮಂಡಿನೋವು ಅಂತೆಲ್ಲಾ ನಾವು ಅಂದ್ಕೊಂಡಿರ್ತೀವಿ, ಲೆಕ್ಕದವರ ಪ್ರಕಾರ ಮುಪ್ಪು ಅಂದ್ರೆ ಈ ಡಬಲ್ ಆಗೋದೇ.

ಇಲ್ಲೊಂದು ತಪ್ಪು ತಿಳುವಳಿಕೆ ಬಿಡಿಸಿಕೊಂಡು ಮುಂದೆ ಹೋಗೋಣ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು 32ರ ಆಸುಪಾಸು ಇತ್ತು, ಈಗ 70ರ ಹತ್ರ, ಹಿಂಗೇ ಹೋದ್ರೆ ಮುಂದೆ 140 ಆಗಲ್ವಾ ಅಂತ ಕೇಳೋರಿದ್ದಾರೆ. ಆಗಲ್ಲ. ನಮ್ಮಜ್ಜಿ ಹೆತ್ತಿದ್ದು ಒಂಬತ್ತು, ಉಳಿದಿದ್ದು ಐದು. ಆ ನಾಲ್ಕು ಕೂಸುಗಳ ಸೊನ್ನೆ, ಒಂದು, ಎರಡು ಅನ್ನೋ ವಯಸ್ಸು ಸೇರಿಸಿ ಸರಾಸರಿ ತೆಗೆದ್ರೆ 32 ಬರದೇ ಇನ್ನೇನು ಬರುತ್ತೆ. ಅಜ್ಜಿ ಮಾತ್ರ ತೊಂಬತ್ತು ದಾಟಿ ಬದುಕಿದ್ರು. ಲಸಿಕೆ, ಶುದ್ಧ ನೀರು, ಆಂಟಿಬಯಾಟಿಕ್ ಇವೆಲ್ಲಾ ಮಕ್ಕಳನ್ನ ಉಳಿಸಿದ್ವು, ಅದೇನೂ ಸಣ್ಣ ಕೆಲಸ ಅಲ್ಲ, ಆದ್ರೆ ಮುಪ್ಪಿನ ಆ ಚಕ್ರಬಡ್ಡಿ ಹಂಗೇ ಓಡ್ತಾ ಇದೆ.

ಇನ್ನೂ ಬೇಜಾರಿನ ವಿಷಯ ಕೇಳಿ. ನಾಳೆ ಬೆಳಿಗ್ಗೆ ಎಲ್ಲಾ ಥರದ ಕ್ಯಾನ್ಸರ್‌ಗೂ ಔಷಧಿ ಸಿಕ್ತು ಅಂತಿಟ್ಕೊಳ್ಳಿ, ಸರಾಸರಿ ಆಯಸ್ಸು ಎಷ್ಟು ಜಾಸ್ತಿ ಆಗಬಹುದು? ಅಮೆರಿಕದಂಥ ದೇಶದ ಲೆಕ್ಕದಲ್ಲಿ ಸುಮಾರು 3 ವರ್ಷ, ಅಷ್ಟೇ. ಯಾಕಂದ್ರೆ ಕ್ಯಾನ್ಸರ್‌ನಿಂದ ತಪ್ಪಿಸಿಕೊಂಡ 80ರ ಮುದುಕಪ್ಪನಿಗೆ ಹಾರ್ಟು, ಕಿಡ್ನಿ, ಪಾರ್ಶ್ವವಾಯು ಎಲ್ಲಾ ಕ್ಯೂನಲ್ಲಿ ಕಾಯ್ತಿರುತ್ತೆ. ಹಳೇ ಮನೆ ಹಂಗೆ, ಹೆಂಚು ಕೈಯಾಡಿಸಿ ಮುಗಿಸಿದ್ರೆ ತೊಲೆಗೆ ಗೆದ್ದಲು, ತೊಲೆ ಬದಲಾಯಿಸಿದ್ರೆ ಗೋಡೆ ಬಿರುಕು. ಒಂದೊಂದೇ ಕಾಯಿಲೆ ಹಿಡ್ಕೊಂಡು ಹೊಡೆದ್ರೆ ಅಮರತ್ವ ಬರಲ್ಲ, ಮುಪ್ಪನ್ನೇ ಹಿಡೀಬೇಕು.

ಹಾಗಾದ್ರೆ ಮುಪ್ಪು ಎಲ್ಲಿಂದ ಬರುತ್ತೆ? 1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಇನ್‌ಸ್ಟಿಟ್ಯೂಟಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಅನ್ನೋರು ಮನುಷ್ಯನ ಜೀವಕೋಶಗಳನ್ನ ಗಾಜಿನ ಬಾಟಲಲ್ಲಿ ಬೆಳೆಸ್ತಾ ಇದ್ರು. ಸುಮಾರು 50 ಸಲ ಎರಡಾಗಿ ಒಡೆದ ಮೇಲೆ ಕೋಶಗಳು ನಿಂತೇ ಹೋದ್ವು. ಅಲ್ಲೀತನಕ ಕೋಶ ತಾನಾಗೇ ಸಾಯಲ್ಲ ಅಂತ ದೊಡ್ಡೋರೆಲ್ಲಾ ನಂಬಿದ್ರು. ಕಾರಣ ಆಮೇಲೆ ಗೊತ್ತಾಯ್ತು, ಕ್ರೋಮೋಸೋಮ್‌ನ ತುದಿಯಲ್ಲಿ ಟೆಲೋಮಿಯರ್ ಅಂತ ಇರುತ್ತೆ, ಶೂ ಲೇಸಿನ ತುದಿಗೆ ಪ್ಲಾಸ್ಟಿಕ್ ಇರುತ್ತಲ್ಲ ಆ ಥರ, ಕೋಶ ಒಡೆದಾಗೆಲ್ಲಾ ಅದು ಸ್ವಲ್ಪ ಸ್ವಲ್ಪ ಸವೆಯುತ್ತೆ, ತೀರಾ ಚಿಕ್ಕದಾದ್ರೆ ಕೋಶ ಅಂಗಡಿ ಬಾಗಿಲು ಹಾಕುತ್ತೆ. ಅದನ್ನ ಮತ್ತೆ ಉದ್ದ ಮಾಡೋ ಟೆಲೋಮರೇಸ್ ಅನ್ನೋ ಕಿಣ್ವ ಕೂಡ ಸಿಕ್ತು, ಈ ಕೆಲಸಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶಾಸ್ಟಕ್ ಅವರಿಗೆ 2009ರ ನೊಬೆಲ್ ಬಂತು. ಕೆಲಸ ಮುಗೀತಲ್ಲ, ಕಿಣ್ವ ಆನ್ ಮಾಡಿದ್ರೆ ಆಯ್ತು ಅನ್ಸುತ್ತೆ ಅಲ್ವಾ?

ಆನ್ ಮಾಡಿಕೊಂಡ ಕೋಶಗಳು ಆಗ್ಲೇ ಇವೆ. ಅವುಗಳ ಹೆಸರು ಕ್ಯಾನ್ಸರ್.

ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅಂತ ಒಬ್ಬ ಕಪ್ಪು ಹೆಣ್ಣುಮಗಳು, ಐದು ಮಕ್ಕಳ ತಾಯಿ, 31ನೇ ವಯಸ್ಸಿಗೆ ಗರ್ಭಕಂಠದ ಕ್ಯಾನ್ಸರ್‌ನಿಂದ 1951ರಲ್ಲಿ ತೀರಿಕೊಂಡ್ರು. ಆಕೆಯನ್ನ ಒಂದು ಮಾತೂ ಕೇಳದೆ ಗಡ್ಡೆಯಿಂದ ತೆಗೆದ ಕೋಶಗಳು ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೀತಾನೇ ಇವೆ, ಪೋಲಿಯೊ ಲಸಿಕೆ ಪರೀಕ್ಷೆಗೂ ಅವೇ ಬೇಕಾದ್ವು. ಅಮ್ಮ ಇಲ್ಲ, ಅಮ್ಮನನ್ನ ಕೊಂದ ಕೋಶಗಳು ಮಾತ್ರ ಅಮರ. ದೇಹ ಅನ್ನೋದು ಕೂಡು ಕುಟುಂಬ ಇದ್ದಂಗೆ, ಎಲ್ಲರೂ ಒಂದು ಲಿಮಿಟ್‌ನಲ್ಲಿದ್ರೇನೇ ಸಂಸಾರ ನಡೆಯೋದು, ಒಬ್ಬ ನಾನು ಮಾತ್ರ ಸಾಯಲ್ಲ, ನನಗೆಷ್ಟು ಬೇಕೋ ಅಷ್ಟು ಬೆಳೀತೀನಿ ಅಂತ ಹೊರಟ್ರೆ ಮನೆ ಮುಳುಗ್ತು ಅಂತಲೇ ಅರ್ಥ. ನಂಗನ್ಸೋ ಪ್ರಕಾರ ಅಮರತ್ವದ ಅಸಲಿ ತೊಡಕು ಇದೇ, ಕೋಶಕ್ಕೆ ಲಗಾಮು ಬಿಗಿ ಹಿಡಿದ್ರೆ ಮುಪ್ಪು, ಸಡಿಲ ಬಿಟ್ರೆ ಗಡ್ಡೆ.

ಈ ಲಗಾಮಿನ ಜೊತೆ ಈಗ ಹುಷಾರಾಗಿ ಆಟ ಆಡ್ತಾ ಇದ್ದಾರೆ. ಕ್ಯೋಟೋದ ಶಿನ್ಯಾ ಯಮನಾಕ 2006ರಲ್ಲಿ ಬರೀ ನಾಲ್ಕು ಜೀನ್ ಹಾಕಿ ಇಲಿಯ ಬಲಿತ ಕೋಶವನ್ನ ಭ್ರೂಣದ ಕೋಶದ ಥರ ಮಾಡಿ ತೋರಿಸಿದ್ರು, 2012ರಲ್ಲಿ ನೊಬೆಲ್ ಬಂತು. 2016ರಲ್ಲಿ ಅಮೆರಿಕದ ಸಾಲ್ಕ್ ಇನ್‌ಸ್ಟಿಟ್ಯೂಟ್‌ನವರು ಅದನ್ನೇ ಬೇಗ ಮುಪ್ಪಾಗೋ ಕಾಯಿಲೆ ಇರೋ ಇಲಿಗಳಲ್ಲಿ ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು ಮಾಡಿದಾಗ ಅವು ಸುಮಾರು 30 ಪರ್ಸೆಂಟ್ ಜಾಸ್ತಿ ಬದುಕಿದ್ವು, ಬಿಡದೆ ಮಾಡಿದ್ರೆ ಮಾತ್ರ ಮತ್ತೆ ಅದೇ ಗಡ್ಡೆ. 2022ರಲ್ಲಿ ಈ ದಾರಿ ಹಿಡಿದ ಆಲ್ಟೋಸ್ ಲ್ಯಾಬ್ಸ್ ಅನ್ನೋ ಕಂಪ್ನಿ 300 ಕೋಟಿ ಡಾಲರ್ ಬಂಡವಾಳದ ಜೊತೆ ಶುರು ಆಯ್ತು. ದುಡ್ಡಿರೋರಿಗೂ ಸಾವಿನ ಭಯ ಅಷ್ಟಿದೆ ಅಂತ ಆಯ್ತು.

ನಂಗೆ ಇದಕ್ಕಿಂತ ರಾಪಾಮೈಸಿನ್ ಕಥೆ ಇಷ್ಟ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ, ಅಲ್ಲಿನೋರು ರಾಪಾ ನುಯಿ ಅಂತಾರೆ, 1964ರಲ್ಲಿ ಕೆನಡಾದ ತಂಡ ಹೋಗಿ ಮಣ್ಣು ತುಂಬ್ಕೊಂಡು ಬಂತು, ಆ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಒಂದು ಔಷಧಿ ಸಿಕ್ತು. ಅದನ್ನ ಶುದ್ಧ ಮಾಡಿದವರು ಸುರೇನ್ ಸೆಹಗಲ್, ನಮ್ಮ ಉಪಖಂಡದವರೇ. ಕಂಪ್ನಿಯವರು ಮಾಂಟ್ರಿಯಲ್ ಲ್ಯಾಬ್ ಮುಚ್ಚಿದಾಗ ಅವರು ಬ್ಯಾಕ್ಟೀರಿಯಾ ಇದ್ದ ಸೀಸೆಗಳನ್ನ ಮನೆಗೆ ತಂದು ಫ್ರೀಜರಲ್ಲಿಟ್ಟು ಕಾಪಾಡಿದ್ರು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಅಂತ 1999ರಲ್ಲಿ ಮಾರ್ಕೆಟಿಗೆ ಬಂತು. 2009ರಲ್ಲಿ ನೋಡಿದ್ರೆ, 600 ದಿನ ದಾಟಿದ ಇಲಿಗಳಿಗೆ, ಮನುಷ್ಯರಲ್ಲಿ ಅರವತ್ತರ ಸಮ ಅನ್ನಿ, ಕೊಟ್ರೂ ಆಯಸ್ಸು ಜಾಸ್ತಿ ಆಯ್ತು, ಹೆಣ್ಣಿಲಿಗಳಲ್ಲಿ 14, ಗಂಡಿಲಿಗಳಲ್ಲಿ 9 ಪರ್ಸೆಂಟ್. ಕೋಶಕ್ಕೆ ಊಟ ಸಾಕಷ್ಟಿಲ್ಲ, ಬೆಳೆಯೋದು ಬಿಟ್ಟು ರಿಪೇರಿ ನೋಡ್ಕೋ ಅನ್ನೋ ಸಿಗ್ನಲ್ ಅದು ಕೊಡುತ್ತೆ, ಒಂಥರಾ ಏಕಾದಶಿ. ಆದ್ರೆ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಅದು, ಯೂಟ್ಯೂಬ್ ನೋಡಿ ನುಂಗೋ ಮಾತ್ರೆ ಅಲ್ಲ.

ಯಯಾತಿ ಕಥೆ ಬರದೇ ಇದ್ರೆ ಹೆಂಗೆ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದ ಅಪ್ಪ, ಮಗ ಪೂರುವಿನ ಹತ್ರ ಯೌವನ ಸಾಲ ಇಸ್ಕೊಂಡ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಳೇ ಇಲಿ ಮುದಿ ಇಲಿ ಎರಡರ ಮೈಯನ್ನೂ ಹೊಲಿದು ರಕ್ತ ಹಂಚಿಕೊಳ್ಳೋ ಹಂಗೆ ಮಾಡಿದ್ರು, ಮುದಿ ಇಲಿಯ ಸ್ನಾಯು, ಲಿವರ್ ಎಲ್ಲಾ ಚಿಗುರಿಕೊಂಡ್ವು. ತಗೊಳ್ಳಿ, ಕ್ಯಾಲಿಫೋರ್ನಿಯಾದಲ್ಲಿ ಅಂಬ್ರೋಸಿಯಾ ಅಂತ ಕಂಪ್ನಿನೇ ಹುಟ್ಕೊಂಡ್ತು, ಹೆಸರಿನ ಅರ್ಥವೇ ದೇವತೆಗಳ ಅಮೃತ, ಹುಡುಗರ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಲೀಟರಿಗೆ 8000 ಡಾಲರ್! 2019ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರಿಂದ ಉಪಯೋಗ ಆಗುತ್ತೆ ಅನ್ನೋಕೆ ಪುರಾವೆ ಇಲ್ಲ, ಅಪಾಯ ಇದೆ ಅಂತ ಎಚ್ಚರಿಕೆ ಕೊಡ್ತು. ಆದ್ರೂ 2023ರಲ್ಲಿ ಬ್ರಯಾನ್ ಜಾನ್ಸನ್ ಅನ್ನೋ ಕೋಟ್ಯಾಧಿಪತಿ, ಮುಪ್ಪು ಓಡಿಸೋಕೆ ವರ್ಷಕ್ಕೆ ಲಕ್ಷಾಂತರ ಡಾಲರ್ ಸುರಿಯೋ ಆಸಾಮಿ, 17 ವರ್ಷದ ಸ್ವಂತ ಮಗನ ಪ್ಲಾಸ್ಮಾ ಏರಿಸಿಕೊಂಡು ಆಮೇಲೆ ಏನೂ ಉಪಯೋಗ ಕಾಣ್ಲಿಲ್ಲ ಅಂತ ತಾನೇ ಹೇಳ್ದ. ತಮಾಷೆ ಅಂದ್ರೆ 2020ರಲ್ಲಿ ಮುದಿ ಇಲಿಗಳ ಅರ್ಧ ಪ್ಲಾಸ್ಮಾ ತೆಗೆದು ಉಪ್ಪುನೀರು, ಆಲ್ಬುಮಿನ್ ಅನ್ನೋ ಪ್ರೋಟೀನ್ ಹಾಕಿದ್ರೂ ಅದೇ ಥರ ಚಿಗುರು ಕಾಣಿಸ್ತು. ಎಳೇ ರಕ್ತದಲ್ಲಿ ಅಮೃತ ಇರೋದಕ್ಕಿಂತ ಹಳೇ ರಕ್ತದಲ್ಲಿ ಕಸ ಇರೋದೇ ಸಮಸ್ಯೆ ಇರಬೇಕು. ಪೂರುವನ್ನ ಸುಮ್ನೆ ಬಿಡಬಹುದಿತ್ತು.

ಮೆದುಳನ್ನ ಕಂಪ್ಯೂಟರಿಗೆ ಕಾಪಿ ಮಾಡ್ಬಿಡೋಣ ಅನ್ನೋರ ಬಗ್ಗೆ ನಂಗೆ ಜಾಸ್ತಿ ತಾಳ್ಮೆ ಇಲ್ಲ. ಬರೀ 302 ನರಕೋಶ ಇರೋ ಒಂದು ಮಿಲಿಮೀಟರ್ ಹುಳದ ನರಗಳ ನಕ್ಷೆ 1986ರಲ್ಲೇ ಬಂತು, ಆ ಹುಳವನ್ನೇ ಕಂಪ್ಯೂಟರಲ್ಲಿ ನೆಟ್ಟಗೆ ಬದುಕಿಸೋಕೆ ಇನ್ನೂ ಆಗಿಲ್ಲ, ನಮ್ಮ ತಲೆಯಲ್ಲಿರೋದು ಸುಮಾರು 8600 ಕೋಟಿ. ಆಯ್ತು, ಕಾಪಿ ಆಯ್ತು ಅಂತಲೇ ಇಟ್ಕೊಳ್ಳೋಣ, ಕಂಪ್ಯೂಟರಲ್ಲಿರೋನು ಹಾಯಾಗಿರ್ತಾನೆ, ಇಲ್ಲಿ ಕುರ್ಚಿ ಮೇಲೆ ಕೂತಿರೋ ನಾನು ಸಾಯ್ತೀನಲ್ಲಪ್ಪಾ.

ಹಾಗಂತ ಗೊಂಪರ್ಟ್ಸ್ ಲೆಕ್ಕ ಕಲ್ಲಲ್ಲಿ ಕೆತ್ತಿದ್ದೇನಲ್ಲ. ಕೀನ್ಯಾ, ಸೊಮಾಲಿಯಾ ಕಡೆ ನೆಲದೊಳಗೆ ಬದುಕೋ ಕೂದಲಿಲ್ಲದ ಮೋಲ್ ರ‍್ಯಾಟ್ ನೋಡೋಕೆ ವಿಕಾರ, ಇಲಿ ಗಾತ್ರ, ಆದ್ರೆ ಮನೆ ಇಲಿ ಮೂರು ವರ್ಷಕ್ಕೆ ಮುಗಿದ್ರೆ ಇದು 30 ದಾಟುತ್ತೆ. 2018ರಲ್ಲಿ ಸಾವಿರಾರು ಪ್ರಾಣಿಗಳ ದಾಖಲೆ ತೆಗೆದು ನೋಡಿದ್ರೆ ವಯಸ್ಸಾದಂಗೆ ಅದರ ಸಾಯೋ ಸಾಧ್ಯತೆ ಏರೋದೇ ಕಾಣ್ಲಿಲ್ಲ. ನಮ್ಮ ಏಜೆಂಟ್ ಅದಕ್ಕೆ ಪಾಲಿಸಿ ಮಾಡಿದ್ರೆ ಎಲ್ಲಾ ವಯಸ್ಸಿಗೂ ಒಂದೇ ಪ್ರೀಮಿಯಂ! ಆದ್ರೂ ಅದು ಸಾಯುತ್ತೆ, ಜಗಳ, ಕಾಯಿಲೆ, ಏನೋ ಒಂದು. ನಾವೂ ಹತ್ತು ವರ್ಷದ ಮಕ್ಕಳಷ್ಟೇ ಗಟ್ಟಿಯಾಗಿ ಉಳಿದ್ರೂ ರಿಂಗ್ ರೋಡಲ್ಲಿ ಲಾರಿಗಳು ಇದ್ದೇ ಇರ್ತವೆ. ಸಾವಿರಾರು ವರ್ಷ ಬದುಕಬಹುದು, ಅಮರರಾಗಲ್ಲ.

ಅಧಿಕೃತ ರೆಕಾರ್ಡು ಇನ್ನೂ ಫ್ರಾನ್ಸಿನ ಜೀನ್ ಕಾಲ್ಮಾಂ ಅಜ್ಜಿಯದ್ದೇ, 122 ವರ್ಷ 164 ದಿನ, 1997ರಲ್ಲಿ ಹೋದ್ರು. ಅಜ್ಜಿಗೆ 90 ಇದ್ದಾಗ ಒಬ್ಬ ಕಾನೂನಿನವನು ನೀವು ಇರೋತನಕ ತಿಂಗಳಿಗೆ 2500 ಫ್ರಾಂಕ್ ಕೊಡ್ತೀನಿ, ಆಮೇಲೆ ಮನೆ ನಂದು ಅಂತ ಅಗ್ರಿಮೆಂಟ್ ಮಾಡ್ಕೊಂಡ. ಅವನಿಗಾಗ 47. ಮೂವತ್ತು ವರ್ಷ ಕಟ್ಟಿ ಕಟ್ಟಿ ಅವನೇ ಮೊದಲು ಸತ್ತ, ಉಳಿದ ಕಂತು ಅವನ ಹೆಂಡತಿ ಕಟ್ಟಬೇಕಾಯ್ತು.

ಅಂಥದ್ದೇ ಇನ್ನೊಂದು ಅಗ್ರಿಮೆಂಟ್ ಈಗ ಚಾಲ್ತಿಯಲ್ಲಿದೆ. 2000ದಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಸ್ಟೀವನ್ ಆಸ್ಟಡ್ ಮತ್ತು ಜೇ ಓಲ್ಶಾನ್ಸ್ಕಿ, ಸ್ನೇಹಿತರೇ, ಬೆಟ್ ಕಟ್ಟಿದ್ರು. 150 ವರ್ಷ ಬದುಕೋ ಮನುಷ್ಯ ಆಗ್ಲೇ ಹುಟ್ಟಿದ್ದಾನೆ ಅಂತ ಆಸ್ಟಡ್, ಚಾನ್ಸೇ ಇಲ್ಲ ಅಂತ ಓಲ್ಶಾನ್ಸ್ಕಿ. ಆಗ ತಲಾ 150 ಡಾಲರ್ ಹೂಡಿ ಇಟ್ರು, 2150ಕ್ಕೆ ಅದು ಬೆಳೆದು 50 ಕೋಟಿ ಡಾಲರ್ ಆಗಬಹುದು ಅಂತ ಅಂದಾಜಿತ್ತು. ಗೆದ್ದವರ ದುಡ್ಡು ಹೋಗೋದು ಅವರ ವಂಶದೋರಿಗೆ. ಆಯಸ್ಸು 150 ಆಗೇ ಆಗುತ್ತೆ ಅಂದ ಆಸ್ಟಡ್ ಕೂಡ ಈ ಷರತ್ತಿಗೆ ಒಪ್ಪಿಕೊಂಡೇ ದುಡ್ಡು ಇಟ್ಟಿದ್ದು.